ಜವಳಿ ಎಲ್ಲಿ ತಂದ್ರಿ? ಖರೀದಿ, ಸಂಪತ್ತು ಮತ್ತು ಇಸ್ರಾಫ್

 

ಮದುವೆಯ ಹಂಗಾಮು ಶುರುವಾದಾಗಿನಿಂದ ಜುಮಾ ಬಯಾನಿನಲ್ಲಿ ಖರೀದಿಯ ಬಗ್ಗೆ ಮಾತನಾಡುತ್ತಿದ್ದೇವೆ. ನಮಾಝ್ ಮುಗಿದ ಮೇಲೆ ಹಲವರು ಬಂದು ಪ್ರಶ್ನೆ ಕೇಳಿದರು. ಮನೆಯ ಹೆಣ್ಣುಮಕ್ಕಳು ಚೀಟಿ ಬರೆದು ಕಳಿಸಿದರು. ಮಿಂಬರ್ ಮೇಲೆ ಹತ್ತು ನಿಮಿಷದಲ್ಲಿ ಹೇಳಲಾಗದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇವೆ.

ನಮ್ಮ ಕಡೆ ಮದುವೆ ಗೊತ್ತಾಯಿತೆಂದರೆ ಹುಡುಗ ಏನು ಓದಿದ್ದಾನೆ, ನಮಾಝ್ ಮಾಡುತ್ತಾನೋ ಇಲ್ಲವೋ ಎಂಬುದಕ್ಕಿಂತ ಮೊದಲು ಬರುವ ಪ್ರಶ್ನೆ ಒಂದೇ: "ಜವಳಿ ಎಲ್ಲಿ ತಂದ್ರಿ?" ಮುಂಡರಗಿ, ಶಿರಹಟ್ಟಿಯವರು "ಗದಗಿನ್ಯಾಗ" ಅಂದರೆ ಒಂದು ತೂಕ. ಗದಗಿನವರು "ಇಲ್ಲೇ ಟಾಂಗಾಕೂಟದ ಕಡೆ" ಅಂದರೆ ಕೇಳಿದವರ ಮುಖ ಸಣ್ಣದಾಗುತ್ತದೆ, "ಹುಬ್ಬಳ್ಳ್ಯಾಗ" ಅಂದರೆ ಅರಳುತ್ತದೆ. ಹುಬ್ಬಳ್ಳಿಯವರು ಬೆಂಗಳೂರಿನ ಹೆಸರು ಹೇಳುತ್ತಾರೆ. ಲಕ್ಷ್ಮೇಶ್ವರದ ಅಂಗಡಿಯಲ್ಲಿ ಮಡಿಚಿಟ್ಟ ಸೀರೆಯೂ ಹುಬ್ಬಳ್ಳಿಯ ಗಾಜಿನ ಮಳಿಗೆಯಲ್ಲಿ ಗೊಂಬೆಗೆ ಉಡಿಸಿದ ಸೀರೆಯೂ ಎಷ್ಟೋ ಸಲ ಸೂರತ್ತಿನಿಂದ ಒಂದೇ ಲಾರಿಯಲ್ಲಿ ಬಂದಿರುತ್ತವೆ. ಅರವತ್ತು ಕಿಲೋಮೀಟರ್ ಗಾಡಿ ಬಾಡಿಗೆ, ಹನ್ನೆರಡು ಜನರ ಊಟ, ಅದರ ಮೇಲೆ ಸೀರೆಯ ಬೆಲೆ. ನಾವು ಅಲ್ಲಿಂದ ತರುವುದು ಬಟ್ಟೆಗಿಂತ ಹೆಚ್ಚಾಗಿ ಮಳಿಗೆಯ ಹೆಸರಿರುವ ಚೀಲ. ಆ ಚೀಲವನ್ನು ಮಡಿಚಿ ಇಟ್ಟು, ಬೀಗರ ಮನೆಗೆ ಹೋಗುವಾಗ ಮತ್ತೆ ತೆಗೆಯುವವರನ್ನೂ ಕಂಡಿದ್ದೇವೆ.

ಹಾಗಾದರೆ ಒಳ್ಳೆಯ ಬಟ್ಟೆ ತೊಡುವುದು, ಒಳ್ಳೆಯ ಅಂಗಡಿಗೆ ಹೋಗುವುದು ತಪ್ಪೇ? ಇಲ್ಲ. ಇದನ್ನು ಮೊದಲೇ ಸ್ಪಷ್ಟ ಮಾಡಬೇಕು. ಬಡತನವೇ ದೀನ್, ಹರಕು ಅಂಗಿಯೇ ತಖ್ವಾ ಎಂದು ಸಾರುವವರೂ ನಮ್ಮ ನಡುವೆ ಇದ್ದಾರೆ. ಅಲ್ಲಾಹನು ತನ್ನ ದಾಸರಿಗಾಗಿ ಹೊರತಂದ ಅಲಂಕಾರವನ್ನೂ ಉತ್ತಮ ಆಹಾರವನ್ನೂ ಹರಾಮ್ ಮಾಡಿದವರು ಯಾರು ಎಂದು ಸೂರಾ ಅಲ್-ಅಅ್‌ರಾಫ್‌ನ 32ನೇ ಆಯತ್ ಕೇಳುತ್ತದೆ. ತಿನ್ನಿ, ಕುಡಿಯಿರಿ, ಮಿತಿ ಮೀರಬೇಡಿ ಎಂಬ ಆದೇಶ ಬರುವುದು ಅದರ ಹಿಂದಿನ ಆಯತ್‌ನಲ್ಲೇ. ಎರಡನ್ನೂ ಕೂಡಿಸಿ ಓದಬೇಕು.

ಇಮಾಮ್ ಅಬೂ ಹನೀಫಾ(ರಹ್) ಕೂಫಾ ಪಟ್ಟಣದ ಜವಳಿ ವ್ಯಾಪಾರಿಗಳಾಗಿದ್ದರು ಎಂಬುದು ನಮ್ಮ ಬಹಳ ಜನರಿಗೆ ಗೊತ್ತಿಲ್ಲ. ರೇಷ್ಮೆ ಮಿಶ್ರಿತ ಬಟ್ಟೆಯ ದೊಡ್ಡ ವ್ಯಾಪಾರ ಅವರದು. ಒಳ್ಳೆಯ ಉಡುಪು ತೊಡುತ್ತಿದ್ದರು. ಅವರ ಚರಿತ್ರೆಯಲ್ಲಿ ಒಂದು ಪ್ರಸಂಗವಿದೆ. ಅವರ ಸಭೆಗೆ ಬರುತ್ತಿದ್ದ ಒಬ್ಬರು ಹಳೆಯ ಹರಿದ ಬಟ್ಟೆ ತೊಟ್ಟಿದ್ದರು. ಎಲ್ಲರೂ ಎದ್ದುಹೋದ ಮೇಲೆ ಇಮಾಮರು ಅವರೊಬ್ಬರನ್ನೇ ಕೂಡಿಸಿಕೊಂಡು, ಜಾನಿಮಾಝ್ ಎತ್ತಿ ಕೆಳಗಿದ್ದ ಸಾವಿರ ದಿರ್ಹಮ್ ತೆಗೆದುಕೊಳ್ಳಿರಿ, ನಿಮ್ಮ ವೇಷ ಸರಿಮಾಡಿಕೊಳ್ಳಿರಿ ಎಂದರು. ಆ ಮನುಷ್ಯ, ನಾನು ಅನುಕೂಲಸ್ಥ, ಇದರ ಅಗತ್ಯ ನನಗಿಲ್ಲ ಎಂದರು. ಆಗ ಇಮಾಮರು, ಅಲ್ಲಾಹನು ತನ್ನ ದಾಸನಿಗೆ ಕೊಟ್ಟ ಅನುಗ್ರಹದ ಗುರುತು ಅವನ ಮೇಲೆ ಕಾಣುವುದನ್ನು ಇಷ್ಟಪಡುತ್ತಾನೆ ಎಂಬ ಹದೀಸ್ ನೆನಪಿಸಿ, ನಿಮ್ಮನ್ನು ನೋಡಿ ಸ್ನೇಹಿತರಿಗೆ ಸಂಕಟವಾಗದ ಹಾಗೆ ಇರಿ ಎಂದು ಕಳಿಸಿದರು. ಜನರೆಲ್ಲ ಹೋಗುವವರೆಗೆ ಕಾದರು ಎಂಬುದನ್ನು ಗಮನಿಸಿ. ಅಂಗಳದಲ್ಲಿ ಮೈಕ್ ಹಿಡಿದು ದಾನದ ಹೆಸರು ಓದಿಸುವ ನಮಗೆ ಆ ಭಾಗವೇ ಹೆಚ್ಚು ಬೇಕಾದದ್ದು.

ಇನ್ನು ಇಸ್ರಾಫ್ ಎಂದರೇನು? ಬೆಲೆ ಹೆಚ್ಚಿದ್ದುದೆಲ್ಲ ಇಸ್ರಾಫ್ ಅಲ್ಲ, ಅಗ್ಗವಾದುದೆಲ್ಲ ಮಿತವ್ಯಯವೂ ಅಲ್ಲ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ತರಕಾರಿ ತರುವ ಬಾಗವಾನ ಹುಡುಗನಿಗೆ ಲಕ್ಷ ರೂಪಾಯಿಯ ಗಾಡಿ ದುಡಿಮೆಯ ಸಾಧನ. ಕಾಲೇಜು ಬಿಟ್ಟು ಮುಳಗುಂದ ನಾಕಾದಲ್ಲಿ ನಿಲ್ಲುವ ಹುಡುಗ ಅಬ್ಬಾನ ಹೆಸರಿನಲ್ಲಿ ಸಾಲ ತೆಗೆಸಿಕೊಂಡ ಅದೇ ಗಾಡಿ ಇಸ್ರಾಫ್. ಅಗತ್ಯ, ಅನುಕೂಲ, ಅಲಂಕಾರ ಮೂರಕ್ಕೂ ಶರೀಅತ್‌ನಲ್ಲಿ ಜಾಗ ಉಂಟು. ಸಾಲ ಬಾಕಿ ಇಟ್ಟುಕೊಂಡು, ಹಕ್ಕುದಾರರ ಹಕ್ಕು ತಡೆಹಿಡಿದು ಅಲಂಕಾರಕ್ಕೆ ಹೋದಾಗ ಅದು ಮಿತಿ ದಾಟುತ್ತದೆ. ಇನ್ನೊಬ್ಬರು ನೋಡಿ ಕುಗ್ಗಲಿ ಎಂಬ ಉದ್ದೇಶ ಸೇರಿಕೊಂಡರೂ ಅಷ್ಟೇ. ಒಮ್ಮೆ ಹಝ್ರತ್ ಉಮರ್(ರ) ಜಾಬಿರ್(ರ)ರ ಕೈಯಲ್ಲಿ ಮಾಂಸ ಕಂಡು ಏನಿದು ಎಂದು ಕೇಳಿದರು. ತಿನ್ನಬೇಕೆಂದು ಆಸೆಯಾಯಿತು, ಕೊಂಡೆವು ಎಂದರು ಜಾಬಿರ್. ಆಸೆಯಾದದ್ದನ್ನೆಲ್ಲ ಕೊಂಡುಬಿಡುವುದೇ ಎಂಬುದು ಉಮರ್(ರ)ರ ಪ್ರಶ್ನೆ. ಮಾಂಸ ಹಲಾಲ್, ಹಣ ಹಲಾಲ್. ಆದರೂ ಕೇಳಿದರು. ಅವರ ಕಾಲದಲ್ಲಿ ಮೊಬೈಲ್ ಪರದೆ ಒತ್ತಿದರೆ ಸಾಮಾನು ಬಾಗಿಲಿಗೆ ಬರುತ್ತಿರಲಿಲ್ಲ!

ಸೂರಾ ಅಲ್-ಕಸಸ್‌ನಲ್ಲಿ ಕಾರೂನನ ವೃತ್ತಾಂತವಿದೆ. ಅವನ ಖಜಾನೆಯ ಕೀಲಿಕೈಗಳೇ ಬಲಿಷ್ಠರ ಒಂದು ಗುಂಪಿಗೆ ಭಾರವಾಗುತ್ತಿದ್ದವು. ಅವನು ಸಕಲ ಆಡಂಬರದೊಂದಿಗೆ ಜನರ ಮುಂದೆ ಹೊರಟ. ಆಗ ಲೌಕಿಕ ಬದುಕನ್ನು ಬಯಸುವವರು, ಅವನಿಗೆ ಸಿಕ್ಕಿದ್ದು ನಮಗೂ ಸಿಕ್ಕಿದ್ದರೆ ಎಂದು ಬಾಯಿಬಿಟ್ಟರು. ಕುರ್‌ಆನ್ ಕಾರೂನನ ಸೊಕ್ಕನ್ನು ಎಷ್ಟು ಗಮನಕ್ಕೆ ತರುತ್ತದೋ ಬೀದಿಬದಿ ನಿಂತು ನೋಡಿದವರ ಮನಸ್ಸನ್ನೂ ಅಷ್ಟೇ ಗಮನಕ್ಕೆ ತರುತ್ತದೆ. ಕಾರೂನನು ಭೂಮಿಯಲ್ಲಿ ಹೂತುಹೋದ ಮೇಲೆ ನಿನ್ನೆ ಅವನ ಜಾಗ ಬಯಸಿದವರೇ ಬದುಕಿದೆವು ಎಂದು ನಿಟ್ಟುಸಿರು ಬಿಟ್ಟರು. ಶ್ರೀಮಂತರನ್ನು ಬೈಯುವ ಬಯಾನು ಸುಲಭ. ನಾಲ್ಕು ಜನ "ಸುಭಾನಲ್ಲಾಹ್" ಎನ್ನುತ್ತಾರೆ. ನಮ್ಮ ಜಮಾಅತಿನಲ್ಲಿ ಕಾರೂನರು ಕಡಿಮೆ, ಬೀದಿಬದಿ ನಿಂತು ನೋಡುವವರೇ ಹೆಚ್ಚು. ಆದ್ದರಿಂದ ಮಾತು ನಮ್ಮ ಕಡೆಗೇ ತಿರುಗಬೇಕು.

ಸಂತೆಯಲ್ಲಿ ನಮ್ಮ ವರ್ತನೆ ನೋಡಿ. ಗೋಣಿತಾಟು ಹಾಸಿ ಮೆಂತ್ಯಪಲ್ಲೆ ಮಾರುವ ಮುದುಕಿಯ ಹತ್ತಿರ ಸೂಡಿಗೆ ಐದು ರೂಪಾಯಿ ಕಡಿಮೆ ಮಾಡಲು ಎರಡು ಸಲ ಎದ್ದುಹೋಗಿ ಬರುತ್ತೇವೆ. ಅದೇ ದಿನ ಸಂಜೆ ಏಸಿ ಹಾಕಿದ ಅಂಗಡಿಯಲ್ಲಿ ಚೀಟಿಯ ಮೇಲೆ ಬರೆದ ಬೆಲೆಯನ್ನು ಚಕಾರ ಎತ್ತದೆ ಕೊಡುತ್ತೇವೆ. ಕೇಳಿದರೆ ನಮ್ಮನ್ನು ಬಡವರೆಂದು ತಿಳಿದಾರು ಎಂಬ ಅಂಜಿಕೆ. ಚೌಕಾಶಿ ಮಾಡುವುದು ಸುನ್ನತ್‌ಗೆ ವಿರುದ್ಧವಲ್ಲ. ಪ್ರವಾದಿ(ಸ)ರು ಪ್ರಯಾಣದಲ್ಲಿ ಜಾಬಿರ್(ರ)ರ ಒಂಟೆಗೆ ಬೆಲೆ ಕಟ್ಟಿ ಕೊಂಡರು. ಮದೀನಕ್ಕೆ ಬಂದ ಮೇಲೆ ಹೇಳಿದ್ದಕ್ಕಿಂತ ಹೆಚ್ಚು ತೂಗಿಸಿ ಕೊಟ್ಟರು, ಒಂಟೆಯನ್ನೂ ಹಿಂತಿರುಗಿಸಿದರು. ಮಾರುವಾಗ, ಕೊಳ್ಳುವಾಗ, ಬಾಕಿ ಕೇಳುವಾಗ ಸೌಮ್ಯವಾಗಿರುವವನಿಗೆ ಅವರು ಅಲ್ಲಾಹನ ಕರುಣೆ ಬೇಡಿದ್ದು ಬುಖಾರಿಯಲ್ಲಿದೆ. ನಾವು ಬಡವರೊಡನೆ ಬಿಗಿ, ಉಳ್ಳವರೊಡನೆ ಸಡಿಲ.

ಇದಕ್ಕಿಂತ ಕೆಟ್ಟದ್ದು ಉದ್ರಿ. ಓಣಿಯ ಕಿರಾಣಿ ಅಂಗಡಿಯವನು ತಿಂಗಳುಗಟ್ಟಲೆ ಅಕ್ಕಿ, ಎಣ್ಣೆ, ಚಾಪುಡಿ ಬರೆದುಕೊಂಡು ಕೊಡುತ್ತಾನೆ. ಮಳೆ ಇಲ್ಲದ ವರ್ಷ, ಹಮಾಲಿ ಕೆಲಸ ಇಲ್ಲದ ವಾರ, ಮನೆಯಲ್ಲಿ ಕಾಯಿಲೆ ಬಂದಾಗ ನಮ್ಮನ್ನು ನಡೆಸುವುದು ಅವನ ಆ ಕೆಂಪು ಬಟ್ಟೆಯ ಖಾತೆಪುಸ್ತಕ. ಕೈಗೆ ರೊಕ್ಕ ಬಂದ ದಿನ ನಾವು ಎಲ್ಲಿಗೆ ಹೋಗುತ್ತೇವೆ? ತಳ್ಳುಗಾಡಿ ಇರುವ ದೊಡ್ಡ ಅಂಗಡಿಗೆ, ನಗದು ಕೊಟ್ಟು ಖರೀದಿಗೆ. ಕಿರಾಣಿಯವನ ಮುಂದೆ ಹಾಯಬೇಕಾಗುತ್ತದೆಂದು ಹಿಂದಿನ ಓಣಿ ಸುತ್ತಿ ಮನೆಗೆ ಬರುತ್ತೇವೆ. ಕೊಡುವ ಶಕ್ತಿ ಇದ್ದವನು ಸಾಲ ತೀರಿಸಲು ಸತಾಯಿಸುವುದು ಝುಲ್ಮ್ ಎಂದು ಪ್ರವಾದಿ(ಸ)ರು ಹೇಳಿದ್ದಾರೆ. ಮೂರು ದೀನಾರ್ ಸಾಲ ಬಿಟ್ಟು ತೀರಿಕೊಂಡವರ ಜನಾಝಾ ನಮಾಝಿಗೆ ಅವರು ಮುಂದೆ ನಿಲ್ಲಲಿಲ್ಲ. ಅಬೂ ಕತಾದಾ(ರ) ಆ ಸಾಲ ನನ್ನ ಮೇಲೆ ಎಂದ ಬಳಿಕವೇ ನಿಂತರು. ಹೊಸ ಜವಳಿ ತರುವ ಮೊದಲು ಓಣಿಯ ಖಾತೆ ಚುಕ್ತಾ ಮಾಡಿ ಎಂದು ನಾವು ಇನ್ನೂ ಹತ್ತು ಜುಮಾ ಹೇಳಬೇಕಾದೀತು.

ಯಾರ ಅಂಗಡಿಯಲ್ಲಿ ಕೊಳ್ಳಬೇಕು ಎಂಬ ಇನ್ನೊಂದು ಮಾತು ಈಚೆಗೆ ಎದ್ದಿದೆ. ಅಂಗಡಿಯವನ ಧರ್ಮ ನೋಡಿ ಕೊಳ್ಳಿ ಎಂದು ಆ ಕಡೆಯವರು ಕೆಲವರು, ಈ ಕಡೆಯವರು ಕೆಲವರು ಮೊಬೈಲಿನಲ್ಲಿ ಹರಿಬಿಡುತ್ತಾರೆ. ಪ್ರವಾದಿ(ಸ)ರು ಯಹೂದಿಯೊಬ್ಬನಿಂದ ಜವೆಗೋಧಿಯನ್ನು ಉದ್ರಿ ಕೊಂಡು ತಮ್ಮ ಕವಚವನ್ನು ಒತ್ತೆ ಇಟ್ಟಿದ್ದರು. ಅವರು ತೀರಿಕೊಂಡಾಗ ಕವಚ ಇನ್ನೂ ಒತ್ತೆಯಲ್ಲೇ ಇತ್ತು. ನಮಗೆ ಇಷ್ಟು ಸಾಕು. ಬೆಟಗೇರಿಯಲ್ಲಿ ಇಂದಿಗೂ ಕೈಮಗ್ಗದ ಸದ್ದು ಉಳಿದಿದೆ. ನೇಕಾರರು ಹೆಚ್ಚಾಗಿ ನಮ್ಮವರಲ್ಲ, ಆದರೆ ನೆರೆಯವರು. ನೆರೆಯವನ ಹಕ್ಕಿಗೆ ಧರ್ಮದ ಷರತ್ತು ಇಲ್ಲ. ಅವರು ದಿನವಿಡೀ ಕುಳಿತು ನೇಯ್ದ ಸೀರೆಯನ್ನು "ಅಜ್ಜಿ ಸೀರೆ" ಎಂದು ನಗುತ್ತ, ಒಮ್ಮೆ ಉಟ್ಟು ಪೆಟ್ಟಿಗೆ ಸೇರುವ ಹರಳಿನ ಲೆಹಂಗಾಕ್ಕೆ ಮೂರು ಪಟ್ಟು ಸುರಿಯುತ್ತೇವೆ. ನೂಲಿನ ಸೀರೆ ಹತ್ತು ವರ್ಷ ಬಾಳಿ, ಆಮೇಲೆ ಕೌದಿಯಾಗಿ ಇನ್ನೂ ಹತ್ತು ವರ್ಷ ಹೊದಿಕೆಯಾಗುತ್ತದೆ. ಈ ಲೆಕ್ಕ ನಮ್ಮ ಅಮ್ಮಂದಿರಿಗೆ ಗೊತ್ತಿತ್ತು.

ಸಂಪತ್ತಿನ ಸೊಕ್ಕು ಬರೀ ಸಾಮಾನಿನಲ್ಲಿ ನಿಲ್ಲುವುದಿಲ್ಲ, ಕಸುಬಿನ ಮೇಲೂ ಬರುತ್ತದೆ. ನಮ್ಮ ನಾಲ್ಕೂ ಊರುಗಳ ಅಡ್ಡಹೆಸರು ನೋಡಿ: ನದಾಫ್, ಪಿಂಜಾರ, ಬಾಗವಾನ, ಮಣಿಯಾರ, ಅತ್ತಾರ, ದರ್ಜಿ, ಕಲಾಯಿಗಾರ. ಹತ್ತಿ ಹಿಂಜಿದ, ಹಣ್ಣು ಮಾರಿದ, ಬಳೆ ತೊಡಿಸಿದ, ಪಾತ್ರೆಗೆ ಕಲಾಯಿ ಹಾಕಿದ ಹಿರಿಯರ ಗುರುತು ಇವು. ಈಗ ಸ್ವಲ್ಪ ಅನುಕೂಲವಾದ ಕೂಡಲೇ ಮಕ್ಕಳ ಶಾಲೆ ದಾಖಲೆಯಲ್ಲಿ ಆ ಹೆಸರು ತೆಗೆಸುವುದು, ಸಂಬಂಧ ನೋಡುವಾಗ "ಗಾದಿ ಹೊಲಿಯೋರ ಮನೆತನ" ಎಂದು ಮೂಗು ಮುರಿಯುವುದು ಕಾಣುತ್ತಿದೆ. ಮದ್ರಸಾದಲ್ಲಿ ನಾವು ಓದುವ ಹನಫಿ ಫಿಕ್‌ಹಿನ ದೊಡ್ಡ ಇಮಾಮರ ಹೆಸರು ಹೇಳುತ್ತೇವೆ, ಕೇಳಿ. ಅಲ್-ಖಸ್ಸಾಫ್ ಎಂದರೆ ಜೋಡು ಹೊಲಿಯುವವರು. ಅಲ್-ಜಸ್ಸಾಸ್ ಎಂದರೆ ಗಚ್ಚಿನ ಕೆಲಸದವರು. ಅಲ್-ಹಲ್ವಾನಿ ಎಂಬುದು ಹಲ್ವಾದಿಂದ ಬಂದ ಹೆಸರು. ಇಂದಿಗೂ ಪಾಠವಾಗುವ ಅಲ್-ಕುದೂರಿ ಎಂಬ ಹೆಸರಿನಲ್ಲಿರುವುದು ಗಡಿಗೆ. ಯಾರೂ ಹೆಸರು ಬದಲಿಸಿಕೊಳ್ಳಲಿಲ್ಲ. ದಾವೂದ್(ಅ)ರು ತಮ್ಮ ಕೈದುಡಿಮೆಯಿಂದಲೇ ಉಣ್ಣುತ್ತಿದ್ದರು ಎಂದು ಪ್ರವಾದಿ(ಸ)ರು ಹೊಗಳಿದ್ದಾರೆ.

ಬುಖಾರಿಯಲ್ಲಿ ಇನ್ನೊಂದು ಪ್ರಸಂಗ ಬರುತ್ತದೆ. ಪ್ರತಿಷ್ಠಿತನೊಬ್ಬ ಹಾದುಹೋದಾಗ ಪ್ರವಾದಿ(ಸ)ರು ಇವನ ಬಗ್ಗೆ ಏನೆನ್ನುತ್ತೀರಿ ಎಂದು ಕೇಳಿದರು. ಇವನು ಹೆಣ್ಣು ಕೇಳಿದರೆ ಕೊಡುತ್ತಾರೆ, ಶಿಫಾರಸು ಮಾಡಿದರೆ ನಡೆಯುತ್ತದೆ, ಮಾತನಾಡಿದರೆ ಕೇಳುತ್ತಾರೆ ಎಂದರು ಜೊತೆಗಿದ್ದವರು. ಬಡವನೊಬ್ಬ ಹಾದಾಗ, ಇವನಿಗೆ ಇದೊಂದೂ ಆಗದು ಎಂದರು. ಅಂಥ ಪ್ರತಿಷ್ಠಿತರು ಭೂಮಿ ತುಂಬ ಇದ್ದರೂ ಈ ಬಡವನೇ ಮೇಲು ಎಂಬುದು ಪ್ರವಾದಿ(ಸ)ರ ಉತ್ತರ. ಹೆಣ್ಣು ಕೊಡುವುದು, ಮಾತು ಕೇಳುವುದು, ಮಾನ ಕೊಡುವುದು ಯಾರಿಗೆ ಎಂಬ ಲೆಕ್ಕ ಆ ಕಾಲದಲ್ಲೂ ಹೀಗೇ ಇತ್ತು. ಶಿರಹಟ್ಟಿಯ ಮಠಕ್ಕೆ ಫಕೀರೇಶ್ವರ ಎಂದು ಹೆಸರು. ನಮ್ಮ ಭಾಷೆಯ ಫಕೀರ ಶಬ್ದ ಅಲ್ಲಿ ಗೌರವದ ಪಟ್ಟವಾಗಿದೆ. ಸೂರಾ ಫಾತಿರ್‌ನ 15ನೇ ಆಯತ್ ಮನುಷ್ಯರನ್ನೆಲ್ಲ ಅಲ್ಲಾಹನ ಮುಂದೆ ಫಕೀರರೆಂದೇ ಕರೆಯುತ್ತದೆ. ನಮ್ಮ ಬಾಯಲ್ಲಿ ಮಾತ್ರ ಅದು ಬೈಗುಳ.

ಅಂಗಡಿಕಾರ ಸಹೋದರರಿಗೂ ಎರಡು ಮಾತು. ಕಪ್ಪತಗುಡ್ಡದ ಕಡೆಯ ತಾಂಡಾದಿಂದ ಬಂದ ಹೆಂಗಸು, ಧೋತರ ಉಟ್ಟ ರೈತ ಮೆಟ್ಟಿಲು ಹತ್ತಿದರೆ "ಯಾವ ರೇಟಿಂದು ತೋರಸಲಿ?" ಎಂದು ಮೊದಲೇ ಕೇಳುತ್ತೀರಿ. ಕಾರಿನಿಂದ ಇಳಿದವರಿಗೆ ಮೊದಲು ಚಹಾ. ಬಡ ಗಿರಾಕಿಗೆ ಕಟ್ಟಿನ ಒಳಗಿನ ದೋಷ ಹೇಳದೆ ಕಟ್ಟುವುದೂ ಉಂಟು. ಇಮಾಮ್ ಅಬೂ ಹನೀಫಾ(ರಹ್) ತಮ್ಮ ಪಾಲುದಾರ ಹಫ್ಸ್‌ರ ಕೈಲಿ ಬಟ್ಟೆ ಕಳಿಸುವಾಗ ಒಂದು ಥಾನಿನಲ್ಲಿ ದೋಷವಿದೆ, ಹೇಳಿ ಮಾರಿ ಎಂದಿದ್ದರು. ಅವರು ಮರೆತು ಮಾರಿಬಿಟ್ಟರು, ಕೊಂಡವರು ಯಾರೆಂದೂ ತಿಳಿಯಲಿಲ್ಲ. ಇಮಾಮರು ಆ ಸರಕಿನಿಂದ ಬಂದ ಹಣವನ್ನು ಪೂರ್ತಿ ಸದಕಾ ಮಾಡಿದರು.

ಈಗ ಮದುವೆ. ಇಲ್ಲಿ ಸ್ವಲ್ಪ ಖಾರವಾಗಿಯೇ ಬರೆಯುತ್ತೇವೆ. ಹಮಾಲಿ ಮಾಡುವ ಸಹೋದರರೊಬ್ಬರು ಈಚೆಗೆ ಬಂದು ಕುಳಿತರು. "ಹಜರತ್, ಹುಡುಗನ ಕಡೆಯವರು ಏನೂ ಬ್ಯಾಡ ಅಂದಾರ. ಆದರ ಹಾಲ್ ಮಾತ್ರ ಚಲೋದು ಇರ್ಲಿ, ನಮ್ಮ ಮಂದಿ ದೊಡ್ಡವರು ಬರ್ತಾರ ಅಂತಾರ" ಎಂದರು. ಆ "ಏನೂ ಬ್ಯಾಡ" ಎಂಬುದರ ಬೆಲೆ ಮಗಳ ಹೆಸರಿನಲ್ಲಿದ್ದ ತುಂಡು ಜಾಗ. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ಕಾಯ್ದೆಗೆ ಅಂಜಿ ನಾವು ಬೇಡಿಕೆಯ ಭಾಷೆ ಬದಲಿಸಿದ್ದೇವೆ, ಬೇಡಿಕೆ ನಿಂತಿಲ್ಲ. ಶರೀಅತ್‌ನಲ್ಲಿ ಕೊಡಬೇಕಾದವನು ಗಂಡು, ಅದರ ಹೆಸರು ಮಹರ್. ಮಹ್ರೆ ಫಾತಿಮಿ ಎಂದರೆ 131 ತೊಲೆ 3 ಮಾಷಾ ಬೆಳ್ಳಿ, ಅಂದರೆ ಒಂದೂವರೆ ಕಿಲೋಗೆ ತುಸು ಹೆಚ್ಚು. ಅಷ್ಟು ಬೆಳ್ಳಿಯ ಬೆಲೆ ಹೇಳಿದರೆ ನಿಕಾಹ್ ಕೂಟದಲ್ಲಿ ಹಿರಿಯರು ಗಂಟಲು ಸರಿಮಾಡಿಕೊಳ್ಳುತ್ತಾರೆ. ಶಾಮಿಯಾನ, ಡ್ರೋನ್ ಫೋಟೋಕ್ಕೆ ಅದಕ್ಕಿಂತ ಹೆಚ್ಚು ಮುಂಗಡ ಕೊಟ್ಟು ಬಂದಿರುತ್ತಾರೆ. ಮಹರ್ ಉದ್ರಿ, ಹಾಲ್ ನಗದು! ವರನಿಗೆ ಅತ್ತೆಮನೆಯವರು ತೊಡಿಸುವ ಬಂಗಾರದ ಉಂಗುರವೂ ಪುರುಷರಿಗೆ ಹರಾಮ್ ಎಂಬುದನ್ನು ಮತ್ತೆ ನೆನಪಿಸುತ್ತೇವೆ. ಫೋಟೋ ತೆಗೆಯುವಷ್ಟು ಹೊತ್ತು ಮಾತ್ರ ಎಂಬ ರಿಯಾಯಿತಿ ಯಾವ ಕಿತಾಬಿನಲ್ಲೂ ಇಲ್ಲ.

ವಲೀಮಾದ ವಿಷಯ. ಝೈನಬ್(ರ)ರ ವಲೀಮಾದಲ್ಲಿ ಪ್ರವಾದಿ(ಸ)ರು ಒಂದು ಆಡು ಕೊಯ್ಸಿದರು. ಅವರ ಮದುವೆಗಳಲ್ಲಿ ಅದೇ ದೊಡ್ಡ ವಲೀಮಾ. ಸಫಿಯ್ಯಾ(ರ)ರ ವಲೀಮಾದಲ್ಲಿ ಇದ್ದದ್ದು ಖರ್ಜೂರ, ಗಿಣ್ಣು, ತುಪ್ಪ. ಶ್ರೀಮಂತರನ್ನು ಕರೆದು ಬಡವರನ್ನು ಬಿಟ್ಟ ವಲೀಮಾದ ಊಟವೇ ಅತ್ಯಂತ ಕೆಟ್ಟ ಊಟ ಎಂದು ಹದೀಸ್ ಇದೆ. ನಾವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದೇವೆ. ಬಡವರನ್ನು ಕರೆಯುತ್ತೇವೆ, ಕೆಳಗೆ ಪಂಕ್ತಿಯಲ್ಲಿ ಉಣಿಸುತ್ತೇವೆ. ಮಹಡಿಯ ಮೇಲೆ ಬೇರೆ ಅಡುಗೆಯ ವಿಐಪಿ ಕೋಣೆ ಇರುತ್ತದೆ. ನಮ್ಮನ್ನೂ ಅಲ್ಲಿಗೇ ಕರೆದೊಯ್ಯುತ್ತಾರೆ. ಇನ್ನು ಮುಂದೆ ಕೆಳಗಿನ ಪಂಕ್ತಿಯಲ್ಲಿ ಕೂಡಿಸುವವರ ಮನೆಯ ಊಟಕ್ಕೆ ಬರುತ್ತೇವೆ. ಸಾಮೂಹಿಕ ನಿಕಾಹ್‌ನಲ್ಲಿ ಮದುವೆಯಾದ ಹೆಣ್ಣುಮಗಳಿಗೆ ಅತ್ತೆ, ನಾದಿನಿಯರು "ಸಾಮೂಹಿಕದಾಗ ಬಂದಾಕಿ" ಎಂದು ಚುಚ್ಚುವುದನ್ನೂ ಕೇಳಿದ್ದೇವೆ. ರಾಜ್ಯ ಸರಕಾರ 2013ರಲ್ಲಿ ತಂದ ಬಿದಾಯಿ ಯೋಜನೆಯ 50 ಸಾವಿರ ಪಡೆದವರಿಗೂ ಇಂಥದೇ ಮಾತು ಬಂತು. ಸಾಲವಿಲ್ಲದೆ ಸಂಸಾರ ಶುರುಮಾಡಿದವಳು ತಲೆ ತಗ್ಗಿಸಬೇಕೋ, ಅವಳನ್ನು ಚುಚ್ಚುವವರು ತಗ್ಗಿಸಬೇಕೋ?

ಸಾಲದ ಮಾತು ಬಂತು. ಬಡ್ಡಿ ಹರಾಮ್ ಎಂದು ಎಲ್ಲರಿಗೂ ಗೊತ್ತು. ಆದರೂ ಕಂತಿನ ಬಗ್ಗೆ ಪ್ರಶ್ನೆಗಳು ಬರುತ್ತವೆ. ಅಂಗಡಿಯವನು ನಗದಿಗೆ ಒಂದು, ಕಂತಿಗೆ ಇನ್ನೊಂದು ಬೆಲೆ ಹೇಳಿ, ಕೊಳ್ಳುವಾಗಲೇ ಒಂದನ್ನು ನಿಶ್ಚಯಿಸಿ, ಆಮೇಲೆ ತಡವಾದರೂ ಏರಿಸದಿದ್ದರೆ ಅದು ವ್ಯಾಪಾರ, ಜಾಯಿಝ್. ಫೈನಾನ್ಸ್ ಕಂಪನಿ ನಡುವೆ ಬಂದು ಸಾಲ ಕೊಟ್ಟು, ತಡವಾದರೆ ದಂಡಬಡ್ಡಿ ಹಾಕಿದರೆ ಅದು ಬಡ್ಡಿಯೇ. "ಝೀರೋ ಬಡ್ಡಿ" ಎಂದು ಬೋರ್ಡ್ ಇದ್ದರೆ ಪ್ರೊಸೆಸಿಂಗ್ ಶುಲ್ಕ ಎಷ್ಟು, ನಗದು ಕೊಟ್ಟರೆ ಬೆಲೆ ಇಳಿಯುತ್ತದೆಯೇ, ಕಂತು ತಪ್ಪಿದರೆ ಏನು ಎಂದು ಕೇಳಿ, ಬರೆಸಿಕೊಂಡು ನಮ್ಮ ಬಳಿ ತನ್ನಿ. ಓಣಿ ಓಣಿಗಳಲ್ಲಿ ಹೆಂಗಸರ ಗುಂಪು ಕಟ್ಟಿ ಕೊಡುವ ಕಿರುಸಾಲದ ವಸೂಲಿ ಕಿರುಕುಳ ಎಷ್ಟು ಬೆಳೆಯಿತೆಂದರೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಆ ಸಾಲಗಳಲ್ಲಿ ಔಷಧಕ್ಕೆ ಹೋದದ್ದು ಎಷ್ಟು, ಮದುವೆ ಮತ್ತು ಹಬ್ಬದ ಖರೀದಿಗೆ ಹೋದದ್ದು ಎಷ್ಟು ಎಂದು ಮನೆಮನೆಯವರೇ ಲೆಕ್ಕ ಹಾಕಿಕೊಳ್ಳಬೇಕು.

ಗದಗಿನ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ದೇಶದ ಮೊದಲ ಕೃಷಿ ಸಹಕಾರಿ ಪತ್ತಿನ ಸಂಘ ಕಟ್ಟಿದರು. ಸಾವುಕಾರನ ಬಾಗಿಲಿಗೆ ಹೋಗದಂತೆ ಬಡವರೇ ಕೂಡಿ ಗಂಟು ಕಟ್ಟಬಹುದು ಎಂಬುದನ್ನು ನಮ್ಮ ನೆಲ ನೂರಿಪ್ಪತ್ತು ವರ್ಷದ ಹಿಂದೆಯೇ ತೋರಿಸಿದೆ. ಅವರ ಸಂಘ ಬಡ್ಡಿಯ ವ್ಯವಸ್ಥೆಯದೇ, ಆ ಭಾಗ ನಮಗೆ ಹೊಂದದು. ಆದರೆ ಪ್ರತಿ ಮಸೀದಿಯ ಬೈತುಲ್‌ಮಾಲ್‌ನಲ್ಲಿ ಕರ್ಝೆ ಹಸನಾಕ್ಕೆ ಬೇರೆ ಪೆಟ್ಟಿಗೆ ಇಡಲು, ಒಂದೊಂದು ಮನೆ ತಿಂಗಳಿಗೆ 100 ರೂಪಾಯಿ ಹಾಕಲು ನಮ್ಮನ್ನು ತಡೆಯುವವರು ಯಾರು? 200 ಮನೆಯ ಮೊಹಲ್ಲಾದಲ್ಲಿ ವರ್ಷಕ್ಕೆ 2 ಲಕ್ಷ 40 ಸಾವಿರ ಆಗುತ್ತದೆ.

ಕಡೆಗೆ ಬಂಗಾರ. ಕಷ್ಟಕಾಲಕ್ಕೆ ಆಸರೆ ಎಂದು ಹೆಣ್ಣುಮಕ್ಕಳು ಹೇಳುತ್ತಾರೆ, ಅದರಲ್ಲಿ ಸತ್ಯವಿದೆ. ಆದರೆ ಆಸರೆಗೆ ಕೊಳ್ಳುವವರು ಮಜೂರಿ ನೋಡಬೇಕು. 50 ಗ್ರಾಂ ಆಭರಣಕ್ಕೆ ನೂರಕ್ಕೆ 12ರಂತೆ ಮಜೂರಿ ಕೊಟ್ಟರೆ 6 ಗ್ರಾಂ ಬಂಗಾರದ ಬೆಲೆ ಕೊಳ್ಳುವ ದಿನವೇ ಹೋಯಿತು, ಮೇಲೆ 3 ಶೇಕಡಾ ಜಿಎಸ್‌ಟಿ. ಕೆತ್ತನೆ ಹೆಚ್ಚಿದಷ್ಟು ಮಜೂರಿ ಹೆಚ್ಚು. ಹಾಲ್‌ಮಾರ್ಕ್ ಜೊತೆ ಆರು ಅಕ್ಷರ-ಅಂಕಿಯ ಎಚ್‌ಯುಐಡಿ ಇದೆಯೇ ನೋಡಿ, 2023ರ ಏಪ್ರಿಲ್ 1ರಿಂದ ಅದು ಕಡ್ಡಾಯವಾಗಿದೆ.

ಆಭರಣಕ್ಕೆ ಝಕಾತ್ ಇಲ್ಲ, ತೊಡುವುದಕ್ಕೆ ಇದೆಯಲ್ಲ ಎನ್ನುವವರು ಬಹಳ. ಹನಫಿ ಮಸ್ಲಕ್‌ನಲ್ಲಿ ತೊಟ್ಟರೂ ಇಟ್ಟರೂ ಝಕಾತ್ ಉಂಟು. ಬರೀ ಬಂಗಾರವೇ ಇದ್ದರೆ ನಿಸಾಬ್ 87.48 ಗ್ರಾಂ, ಅಂದರೆ ಏಳೂವರೆ ತೊಲೆ. ಬಂಗಾರದ ಜೊತೆ ಬೆಳ್ಳಿ ಅಥವಾ ನಗದು ಸೇರಿದರೆ ಎಲ್ಲ ಕೂಡಿಸಿ 612.36 ಗ್ರಾಂ ಬೆಳ್ಳಿಯ ಬೆಲೆಗೆ ಹೋಲಿಸಬೇಕು. ಲೆಕ್ಕದ ಅನುಕೂಲಕ್ಕೆ 10 ಗ್ರಾಂ ಬಂಗಾರಕ್ಕೆ 1 ಲಕ್ಷ ಎಂದು ಹಿಡಿಯಿರಿ. ಐದು ತೊಲೆ, ಅಂದರೆ 58.32 ಗ್ರಾಂ ಇರುವವರಲ್ಲಿ 5,83,200 ಆಯಿತು. ಕೈಯಲ್ಲಿ 10 ಸಾವಿರ ನಗದು ಸೇರಿ 5,93,200. ಸಾಲ ಇಲ್ಲದೆ ಒಂದು ಚಾಂದ್ರ ವರ್ಷ ಕಳೆದಿದ್ದರೆ ಎರಡೂವರೆ ಶೇಕಡಾದಂತೆ 14,830 ರೂಪಾಯಿ ಝಕಾತ್. ಕೊಡಬೇಕಾದವಳು ಆಭರಣದ ಒಡತಿ. ಗಂಡ ಅವಳ ಒಪ್ಪಿಗೆಯಿಂದ ಕೊಟ್ಟರೂ ಆಗುತ್ತದೆ. ಹರಳು ಮತ್ತು ಮಜೂರಿ ಲೆಕ್ಕಕ್ಕೆ ಬರುವುದಿಲ್ಲ, ಬಂಗಾರದ ತೂಕ ಮತ್ತು ಕ್ಯಾರಟ್‌ಗೆ ತಕ್ಕ ಆ ದಿನದ ಮಾರುಕಟ್ಟೆ ಬೆಲೆ ಮಾತ್ರ.

ಲೆಕ್ಕ ಮಾಡಿಸಿಕೊಳ್ಳಲು ಬರುವವರು ಆಭರಣ ತರುವುದು ಬೇಡ. ಸರಾಫರಲ್ಲಿ ತೂಕ ಮಾಡಿಸಿದ ಚೀಟಿ, ಬಾಕಿ ಇರುವ ಸಾಲದ ಪಟ್ಟಿ ತನ್ನಿ. ಆ ಪಟ್ಟಿಯಲ್ಲಿ ಓಣಿಯ ಕಿರಾಣಿ ಅಂಗಡಿಯ ಬಾಕಿಯನ್ನೂ ಬರೆಯಿರಿ. ಮಗ್ರಿಬ್ ಮತ್ತು ಇಶಾ ನಡುವೆ ಮಸೀದಿಯಲ್ಲೇ ಇರುತ್ತೇವೆ.